ಐದು ಹತ್ತಕ್ಕೆ

ರಾತ್ರಿ ಒಂಬತ್ತರೊಳಗೆ ಅಂದಿತ್ತು ಫೋನು.
ಒಂಬತ್ತಾಯಿತು. ಹತ್ತೂ ಆಯಿತು.
ಗೇಟಿನ ಲೈಟು ಆರಿಸದೆ ಮಲಗಿದೆ.

ತರಿಸಿದ್ದು ಚಿನ್ನವಲ್ಲ, ಕುಕ್ಕರಿನ ಗ್ಯಾಸ್ಕೆಟ್ಟು,
ನೂರಾ ನಲವತ್ತು ರೂಪಾಯಿಯ ಕರೀ ಬಳೆ.
ಅದಿಲ್ಲದೆ ಮೂರು ದಿನದಿಂದ ಕುಕ್ಕರು
ಬಾಯಿ ಸುತ್ತಲೂ ಜೊಲ್ಲು ಸುರಿಸಿಕೊಂಡು
ಒಂದು ಸೀಟಿಗೂ ಏಳದೆ ಕೂತಿತ್ತು.
ಪೀಜಿಯ ಹನ್ನೊಂದು ಹುಡುಗರಿಗೆ ಊಟದ ಡಬ್ಬಿ ನನ್ನದು;
ತೊಗರಿಬೇಳೆ ತಪ್ಪಲೆಯಲ್ಲಿ ಬೇಯುವಷ್ಟರಲ್ಲಿ
ಬೀದಿಗೆ ಬಿಸಿಲೇ ಬಂದಿರುತ್ತಿತ್ತು.

ಐದು ಹತ್ತು. ಒಲೆಗಿನ್ನೂ ಕಡ್ಡಿ ಗೀರಿರಲಿಲ್ಲ.
ಗೇಟಿನ ಚಿಲಕ ಅಲ್ಲಾಡಿತು.
ಈ ಹೊತ್ತಲ್ಲಿ ಬರುವವರ ಲೆಕ್ಕ ನನಗಿದೆ:
ಹಾಲಿನ ನಂಜುಂಡ, ಪೇಪರಿನ ಹುಡುಗ,
ಇಲ್ಲವಾದರೆ ಸಾವಿನ ಸುದ್ದಿ.
ಹಾಲು ಬಂದಾಗಿತ್ತು. ಪೇಪರು ಚಿಲಕ ಮುಟ್ಟುವುದಿಲ್ಲ,
ಗೋಡೆ ಹಾರಿ ಬಂದು ಬೀಳುತ್ತದೆ.
ಎದೆ ಹಿಡಿದುಕೊಂಡೇ ಬಾಗಿಲು ತೆಗೆದೆ.

"ಪಾರ್ಸೆಲ್ಲು ಅಕ್ಕ. ಓಟಿಪಿ ಹೇಳಿ."

ಎದುರುಮನೆ ಸಾಕಮ್ಮ ರಂಗೋಲಿಯ ಎಳೆ
ಅರ್ಧಕ್ಕೇ ಬಿಟ್ಟು ತಲೆ ಎತ್ತಿದಳು.
ಕನ್ನಡಕ ಹುಡುಕಿ, ಫೋನು ಹುಡುಕಿ
ನಾನು ಅಂಕಿ ಓದುತ್ತಿದ್ದೆ, ಅಷ್ಟರಲ್ಲಿ
ಝೂ ಕಡೆಯಿಂದ ಸಿಂಹ ಗುಡುಗಿತು.
ಇಟ್ಟಿಗೆಗೂಡಿನವರಿಗೆ ಅದು ಕೋಳಿ ಕೂಗಿದ ಹಾಗೆ.
ಹುಡುಗ ಮಾತ್ರ ಎರಡು ಹೆಜ್ಜೆ ಒಳಕ್ಕೇ ಬಂದುಬಿಟ್ಟ.
"ಏನಕ್ಕ ಅದು?"
"ಸಿಂಹ. ಅದೊಂದು ಹೊತ್ತಿಗೆ ಸರಿಯಾಗಿ ಬರುತ್ತೆ."

ನಗಲಿಲ್ಲ. ಬೆನ್ನ ಮೇಲೆ ಅವನಷ್ಟೇ ಎತ್ತರದ ಚೀಲ.
"ಇದು ನಿನ್ನೆಯದೋ ಇವತ್ತಿನದೋ ಹೇಳಪ್ಪ.
ಎಂಟು ಗಂಟೆ ತಡವೋ, ನಾಕು ಗಂಟೆ ಮುಂಚೆಯೋ?"
ಜಗಳಕ್ಕೆಂದೇ ಕೇಳಿದೆ;
ರಾತ್ರಿಯೆಲ್ಲ ಉರಿದ ಲೈಟಿನ ಸಿಟ್ಟು ಅದು.

ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ,
ಉತ್ತರ ಅದರ ಮೇಲೇ ಅಂಟಿಸಿದೆಯೇನೋ ಎಂಬಂತೆ.

ಆಮೇಲೆ ಹೇಳಿದ.
ಹೆಸರು ಗುರುಮಲ್ಲು, ತಗಡೂರು ಕಡೆ.
ಹೆಂಡತಿ ಚೆಲುವಾಂಬದಲ್ಲಿ.
ಡಾಕ್ಟರು ಕೊಟ್ಟ ತಾರೀಖು ದಾಟಿ ಒಂಬತ್ತು ದಿನ.
ನಿನ್ನೆ ಸಂಜೆ ನೋವು ಬಂತೆಂದು
ಚೀಲದ ಸಮೇತ ಓಡಿದ್ದಾನೆ.
ಹೋದಮೇಲೆ ನೋವು ನಿಂತಿದೆ.
ಅತ್ತೆ ಒಳಗೆ. ಗಂಡಸರನ್ನು ಬಿಡುವುದಿಲ್ಲ,
ಇವನು ರಾತ್ರಿಯೆಲ್ಲ ಹೊರಗೆ, ಕಟ್ಟೆ ಮೇಲೆ.
"ಸೊಳ್ಳೆ ಹೊಡೆದು ಹೊಡೆದು ಸಾಕಾಯ್ತು ಅಕ್ಕ.
ಚೀಲದಲ್ಲಿ ಹದಿನಾಕು ಉಳಿದಿದ್ವು.
ಸುಮ್ಮನೆ ಕೂತು ಏನ್ ಮಾಡ್ಲಿ,
ಇವಾದ್ರೂ ಮುಟ್ಟಲಿ ಅಂತ ಹೊರಟೆ.
ಆರು ಮನೇಲಿ ಬೈದ್ರು. ಒಬ್ರು ನಾಯಿ ಬಿಟ್ರು."

ಒಲೆ ಹಚ್ಚಿದೆ. ದಿನದ ಮೊದಲ ಕಾಫಿ ಅವನದಾಯಿತು.
ನಿಂತೇ ಕುಡಿಯುತ್ತಿದ್ದ, ಫೋನು ಕುಟುಕಿತು.
ಜೇಬು ತಡಕಿದ, ಕಾಫಿ ಅಂಗಿ ಮೇಲೆ ಚೆಲ್ಲಿಕೊಂಡ.
ಅವನದಲ್ಲ, ನನ್ನದು.
'ನಿಮ್ಮ ಡೆಲಿವರಿ ಆಗಿದೆ' ಅಂತ ಬಂದಿತ್ತು.
ಅವನಿಗೆ ತೋರಿಸಲಿಲ್ಲ.

ಬೈಕು ದೊಡ್ಡಕೆರೆ ಮೈದಾನದ ಕಡೆ ತಿರುಗಿದ ಮೇಲೆ
ಸಾಕಮ್ಮ ಕೇಳಿದಳು, "ನೆಂಟರಾ?"
ಹೂಂ ಅಂದೆ. ಯಾಕೆ ಅಂದೆನೋ.

ಬಿಚ್ಚಿದರೆ ಗ್ಯಾಸ್ಕೆಟ್ಟು ಮೂರು ಲೀಟರಿನದು.
ನನ್ನ ಕುಕ್ಕರು ಏಳೂವರೆ.
ಹುಡುಗರಿಗೆ ಅವತ್ತೂ ಚಿತ್ರಾನ್ನ.

ಮಧ್ಯಾಹ್ನ ಪಾತ್ರೆ ತೊಳೆಯುವಾಗ ಫೋನು ಕೇಳಿತು:
ಡೆಲಿವರಿ ಹೇಗಾಯಿತು?
ಐದು ನಕ್ಷತ್ರದಲ್ಲಿ ಎಷ್ಟು ಕೊಡುತ್ತೀರಿ?
ಗೊತ್ತಿಲ್ಲ ಅಂತ ಒತ್ತಲು ಜಾಗವಿರಲಿಲ್ಲ.
ನೊರೆಗೈಯಲ್ಲಿ ನಿಂತು
ನಾನೂ ಅದನ್ನೇ ಕೇಳಿಕೊಂಡೆ.

ಗುರುವಾರ ಹನ್ನೊಂದಕ್ಕೆ ವಾಪಸು ಒಯ್ಯಲು
ಬೇರೆ ಹುಡುಗ ಬಂದ. ಹನ್ನೊಂದು ಅಂದರೆ ಹನ್ನೊಂದೇ.
"ಗುರುಮಲ್ಲು ಗೊತ್ತೇನಪ್ಪ?"
"ಯಾವ ಗುರುಮಲ್ಲು? ನಮ್ಮಲ್ಲಿ ಇಬ್ಬರಿದಾರೆ."
"ಡೆಲಿವರಿ ಆಗಬೇಕಿತ್ತಲ್ಲ, ಅವನು."
ಪೊಟ್ಟಣ ಚೀಲಕ್ಕೆ ತುರುಕುತ್ತ ಅಂದ:
"ಎಲ್ಲಾರ್ದೂ ಆಗ್ಬೇಕು ಮೇಡಂ,
ನನ್ನದೇ ಇನ್ನೂ ಅರವತ್ತಿದೆ."